ಒಮ್ಮೆಯೂ ಟೀ ಮಾಡದವಳು

ಮನೆಯಲ್ಲಿ ಅವಳು ಪುಟ್ಟಿ. ಐದು ಮಕ್ಕಳಲ್ಲಿ ಕೊನೆಯವಳಾದ್ದರಿಂದ ಅಂಟಿಕೊಂಡ ಆ ಹೆಸರು ಅರವತ್ತೊಂದು ತುಂಬಿದರೂ ಬಿಟ್ಟುಹೋಗಿರಲಿಲ್ಲ. ಊರ ಹೊರಗಿನ ಸಣ್ಣ ವಿಮಾನ ಮೈದಾನದಲ್ಲಿ ಮಾತ್ರ ಅವಳು ಎಲ್ಲರಿಗೂ ದೊಡ್ಡಕ್ಕ. ಅವಳಿಗಿಂತ ಆರು ವರ್ಷ ದೊಡ್ಡವನಾದ, ಇಂಜಿನ್ ನೋಡಿಕೊಳ್ಳುವ ಮೇಸ್ತ್ರಿಗೂ ಅವಳು ದೊಡ್ಡಕ್ಕನೇ. ಎಂಟು ಗಂಟೆಗೆ ಸ್ಕೂಟರ್ ಹತ್ತುವಾಗ ಪುಟ್ಟಿಯಾಗಿದ್ದವಳು ಎಂಟೂವರೆಗೆ ದೊಡ್ಡಕ್ಕನಾಗುತ್ತಿದ್ದಳು. ದಾರಿಯಲ್ಲಿ ಎಲ್ಲಿ ಬದಲಾಗುತ್ತೇನೋ ನನಗೇ ತಿಳಿಯದು ಎಂದು ಅವಳೇ ನಗುತ್ತಿದ್ದಳು.

ಮೈದಾನ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಒಂದು ರನ್‌ವೇ, ಒಂದು ತಗಡಿನ ಶೆಡ್ಡು, ಶೆಡ್ಡಿನ ಬೆನ್ನಿಗೆ ಒಂದು ಗೂಡಿನಂಥ ಅಡುಗೆಕೋಣೆ, ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ, ಬಿಸಿಲಿಗೆ ಬಣ್ಣ ಕಳೆದುಕೊಂಡ ಗಾಳಿಚೀಲ, ನಾಲ್ಕು ಪುಟ್ಟ ವಿಮಾನ. ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂರುವ, ಬಾಗಿಲು ಹಾಕಿದರೆ ಹಳೆಯ ಬೀರುವಿನಂತೆ ಸದ್ದು ಮಾಡುವ ವಿಮಾನಗಳು. ಕಲಿಯಲು ಬರುವವರು ವಕೀಲರು, ಅಂಗಡಿಯವರು, ನಿವೃತ್ತರು. ಕೈಯಲ್ಲಿ ಸ್ವಲ್ಪ ಬಿಡುವು, ತಲೆಯಲ್ಲಿ ಸ್ವಲ್ಪ ಹುಚ್ಚು ಇದ್ದವರು. ಅವರಿಗೆ ಹಾರುವುದನ್ನು, ಅದಕ್ಕಿಂತ ಹೆಚ್ಚಾಗಿ ಇಳಿಯುವುದನ್ನು, ಮೂವತ್ತೊಂದು ವರ್ಷದಿಂದ ಕಲಿಸುತ್ತಿದ್ದವಳು ದೊಡ್ಡಕ್ಕ.

ಅವಳ ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಚಿಮಟದ ತುದಿಯ ಹಲ್ಲುಚಕ್ರಕ್ಕೆ ಎಷ್ಟು ಬಲ ಬೇಕೋ ಅಷ್ಟನ್ನೇ ಕೊಡಬೇಕು, ಕೂದಲೆಳೆಯಷ್ಟು ಜಾಸ್ತಿಯಾದರೂ ಕೆಟ್ಟಿತು ಎನ್ನುವುದನ್ನು ಅವಳು ಅವರ ಮೇಜಿನ ಪಕ್ಕ ನಿಂತು ಕಲಿತಿದ್ದಳು. ಅದನ್ನೇ ವಿಮಾನಕ್ಕೂ ತಂದಳು. ಶಿಷ್ಯರು ಹೆದರಿ ವಿಮಾನ ನಡೆಸುವ ಹಿಡಿಯನ್ನು ಮುಷ್ಟಿಯಲ್ಲಿ ಅಮುಕಿದರೆ, "ಅದೇನು ಹಾವೇನ್ರೀ ಕತ್ತು ಹಿಚುಕೋಕೆ? ಎರಡು ಬೆರಳು ಸಾಕು" ಎನ್ನುತ್ತಿದ್ದಳು. ಕೋಪ ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ವಿಮಾನ ಹತ್ತಿದಮೇಲೆ ಅದನ್ನು ಯಾರೂ ಕಂಡವರಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕವಳ ಹಾಗೆ ನೆಮ್ಮದಿಯಾಗಿ ಕೂತಿರುತ್ತಿದ್ದಳು.

ಸಣ್ಣ ವಿಮಾನ ಬಿತ್ತು ಎಂದು ಪೇಪರಿನಲ್ಲಿ ಓದಿದವರು ಇಂಜಿನ್ ಕೈಕೊಟ್ಟಿರಬೇಕು ಎನ್ನುತ್ತಾರೆ. ಎಷ್ಟೋ ಸಲ ಇಂಜಿನ್ನಿನದು, ಪಾಪ, ಏನೂ ತಪ್ಪಿರುವುದಿಲ್ಲ. ಅದು ಕೊನೆಯವರೆಗೂ ಚೆನ್ನಾಗಿಯೇ ಓಡುತ್ತಿರುತ್ತದೆ. ಹದ ತಪ್ಪುವುದು ಮನುಷ್ಯನ ಕೈ. ಇಳಿಯುವ ಮುಂಚಿನ ಕೊನೆಯ ತಿರುವಿನಲ್ಲಿ ಗಾಳಿ ಹಿಂದಿನಿಂದ ನೂಕುತ್ತದೆ, ವಿಮಾನ ರನ್‌ವೇಯ ನೇರವನ್ನು ದಾಟಿ ಆಚೆ ಸರಿಯುತ್ತದೆ. ಅಯ್ಯೋ ದಾಟಿತಲ್ಲ ಎಂದು ಗಾಬರಿಯಾದವರು ಕಾಲಿನಿಂದ ಪೆಡಲ್ ಒತ್ತಿ ಮೂಗನ್ನು ಒಳಕ್ಕೆ ತಿರುಗಿಸುತ್ತಾರೆ, ನೆಲ ಹತ್ತಿರ ಕಂಡಿತೆಂದು ಹಿಡಿಯನ್ನು ಎದೆಗೆ ಸೆಳೆದುಕೊಳ್ಳುತ್ತಾರೆ. ವೇಗ ಇಳಿಯುತ್ತದೆ. ಒಳಮಗ್ಗುಲಿನ ರೆಕ್ಕೆ ಮೊದಲು ಗಾಳಿಯ ಹಿಡಿತ ಬಿಡುತ್ತದೆ, ವಿಮಾನ ಆ ಕಡೆಗೇ ಮಗುಚಿ ಗಿರಕಿ ಹೊಡೆಯುತ್ತದೆ. ಮೇಲಿದ್ದರೆ ಸರಿಪಡಿಸಿಕೊಳ್ಳಬಹುದು. ಅಷ್ಟು ಕೆಳಗೆ ಸರಿಪಡಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ಇದಕ್ಕೆ ಮದ್ದು ಎರಡು. ಒಂದು, ಹಿಡಿಯನ್ನು ಮುಂದಕ್ಕೆ ಬಿಟ್ಟು ಮೂಗನ್ನು ಕೆಳಗೆ ಮಾಡುವುದು. ನೆಲಕ್ಕೆ ಹೆದರಿದವನು ನೆಲದ ಕಡೆಗೇ ಮುಖ ಮಾಡಬೇಕು. ಅದು ಯಾರ ಕೈಗೂ ತಾನಾಗಿ ಬರುವ ಬುದ್ಧಿಯಲ್ಲ. ಇನ್ನೊಂದು ಸುಲಭದ್ದು: ತಿರುವು ಕೆಟ್ಟಿತು ಎಂದು ಆಗಲೇ ಒಪ್ಪಿಕೊಂಡು, ಇಳಿಯುವ ಯೋಚನೆ ಬಿಟ್ಟು, ಮೇಲೆದ್ದು ಇನ್ನೊಂದು ಸುತ್ತು ಬರುವುದು. ಸುಲಭ ಎಂದೆ. ಕೆಳಗೆ ನಾಲ್ಕು ಜನ ಕುರ್ಚಿ ಹಾಕಿಕೊಂಡು ನೋಡುತ್ತಿರುವಾಗ ಅದು ಅಷ್ಟು ಸುಲಭವಲ್ಲ.

ಅಲ್ಲಿಗೇ ಬಂತು ಟೀ ವಿಷಯ. ದೊಡ್ಡಕ್ಕ ಕೆಲಸಕ್ಕೆ ಸೇರಿದ ಎರಡನೇ ವರ್ಷ, ಈಗಲೂ ಬರುವ ವಕೀಲರು ಒಂದು ಮಧ್ಯಾಹ್ನ ಇಳಿಯಲಾರದೆ ನಾಲ್ಕು ಸಲ ಸುತ್ತು ಹೊಡೆದರು. ಕಾದು ಕಾದು ಸಾಕಾದ ಅವಳು ರೇಡಿಯೋದಲ್ಲಿ, "ವಕೀಲ್ರೇ, ಇಷ್ಟೊತ್ತು ಕಾಯಿಸಿದ್ದಕ್ಕೆ ಕೆಳಗೆ ಬಂದಮೇಲೆ ಎಲ್ಲರಿಗೂ ಟೀ ನೀವೇ ಮಾಡ್ಬೇಕು" ಎಂದಳು. ವಕೀಲರು ಮಾಡಿದರು. ಆ ನಗು ಎಲ್ಲರಿಗೂ ಹಿಡಿಸಿತು, ಅಂದಿನಿಂದ ಅದು ಕಾನೂನಾಯಿತು. ಇನ್ನೊಂದು ಸುತ್ತು ಹೋದವರು ಆವತ್ತು ಟೀ ಮಾಡಬೇಕು. ಮಾಡಿಕೊಂಡು ಬರುವಾಗ ಉಳಿದವರು ಕಾಲೆಳೆಯಬೇಕು. ಹೊಸ ಸದಸ್ಯರಿಗೆ ಮೊದಲು ಶೌಚಾಲಯ ತೋರಿಸಿ, ಆಮೇಲೆ ಈ ಕಾನೂನು ಹೇಳುತ್ತಿದ್ದರು. ಅಡುಗೆಕೋಣೆಗೆ ಹೋಗುವುದೆಂದರೆ ಸೋತವರ ಕೆಲಸವೆಂದಾಯಿತು. ಕಾನೂನು ಮಾಡಿದ ದೊಡ್ಡಕ್ಕ ಮಾತ್ರ ಅದರ ಹೊಸ್ತಿಲು ತುಳಿದವಳಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಟೀ ಮಾಡಿಲ್ಲ ಎನ್ನುವುದು ಅವಳ ಹೆಮ್ಮೆ, ಅದನ್ನು ಅವಳು ಮುಚ್ಚಿಟ್ಟವಳೂ ಅಲ್ಲ.

ಅತಿ ಹೆಚ್ಚು ಟೀ ಮಾಡಿದವರು ಹಲ್ಲಿನ ಡಾಕ್ಟರು. ಐವತ್ತು ದಾಟಿದಮೇಲೆ ಕಲಿಯಲು ಬಂದ ಮೃದು ಮನುಷ್ಯ. ರೋಗಿಗಳ ಬಾಯಿಯೊಳಗೆ ನೋಡಿ ನೋಡಿ ಆಕಾಶ ನೋಡಬೇಕು ಅನ್ನಿಸಿತು ಎನ್ನುತ್ತಿದ್ದರು. ಸ್ವಲ್ಪ ಅನುಮಾನ ಬಂದರೂ ಸಾಕು, ಇನ್ನೊಂದು ಸುತ್ತು. ಎಲ್ಲರೂ ನಗುವರು, ಅವರೂ ನಗುವರು. ಅವರ ಹೆಂಡತಿ ಅದಕ್ಕಾಗಿಯೇ ಒಂದು ಸ್ಟೀಲಿನ ಜರಡಿ ಕೊಡಿಸಿದ್ದರು. ಆದರೆ ನಗುವವನ ಒಳಗೆ ಏನು ಸೇರಿಕೊಳ್ಳುತ್ತದೆ ಎಂದು ನಗಿಸುವವರಿಗೆ ತಿಳಿಯುವುದಿಲ್ಲ. ಆ ತಿಂಗಳು ಅವರು ಆಗಲೇ ಮೂರು ಸಲ ಟೀ ಮಾಡಿದ್ದರು.

ಎಂಟು ತಿಂಗಳ ಹಿಂದಿನ ಒಂದು ಭಾನುವಾರ, ಬೆಳಗ್ಗೆ ಹತ್ತೂವರೆ. ಡಾಕ್ಟರು ಒಬ್ಬರೇ ಹಾರುತ್ತಿದ್ದರು. ಗಾಳಿ ಹಿಂದಿನಿಂದ ನೂಕುತ್ತಿತ್ತು. ಕೊನೆಯ ತಿರುವಿನಲ್ಲಿ ವಿಮಾನ ನೇರ ದಾಟುತ್ತಿರುವುದು ಶೆಡ್ಡಿನೊಳಗೆ ರೇಡಿಯೋ ಮುಂದೆ ನಿಂತ ದೊಡ್ಡಕ್ಕನಿಗೆ ಕಂಡಿತು. ಇನ್ನೊಂದು ಸುತ್ತು ಹೋಗಿ ಎನ್ನಬೇಕಾಗಿತ್ತು. ನಾಲಿಗೆಗೆ ಬಂದದ್ದು ಬೇರೆ ಮಾತು. "ಡಾಕ್ಟ್ರೇ, ಪಾತ್ರೆ ತೊಳೆದಿಟ್ಟಿದೀವಿ" ಎಂದಳು. ಅವಳ ಲೆಕ್ಕದಲ್ಲಿ ಎರಡಕ್ಕೂ ಅರ್ಥ ಒಂದೇ.

"ಇವತ್ತು ನಾನು ಮಾಡಲ್ಲ ದೊಡ್ಡಕ್ಕ" ಎಂದರು ಡಾಕ್ಟರು. ದನಿಯಲ್ಲಿ ನಗು ಇತ್ತು. ಆಮೇಲೆ ವಿಮಾನದ ಮೂಗು ಒಳಕ್ಕೆ ತಿರುಗಿದ್ದನ್ನು, ಎಡ ರೆಕ್ಕೆ ಕುಸಿದದ್ದನ್ನು ಅವಳು ನೋಡಿದಳು. "ಮೂಗು ಕೆಳಗೆ" ಎಂದು ಕೂಗಿದಳು. ಅದು ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಡಾಕ್ಟರ ಸಾವಿನ ವಿಚಾರಣೆಗೆ ಇಬ್ಬರು ಅಧಿಕಾರಿಗಳು ಬಂದರು. ಅಳತೆ ಹಿಡಿದರು, ಫೋಟೋ ತೆಗೆದರು, ಇಂಜಿನ್ನಿನಲ್ಲಿ ದೋಷವಿಲ್ಲ, ತಿರುವಿನಲ್ಲಿ ನಿಯಂತ್ರಣ ತಪ್ಪಿದೆ ಎಂದು ಬರೆದರು. ರೇಡಿಯೋದಲ್ಲಿ ಏನಾದರೂ ಮಾತಾಯಿತೇ ಎಂದು ಕೇಳಿದಾಗ ದೊಡ್ಡಕ್ಕ, "ಮಾಮೂಲಿ ಮಾತು" ಎಂದಳು. ರೇಡಿಯೋದಲ್ಲಿ ಆಡಿದ ಆ ಮಾತು ಕೇಳಿಸಿಕೊಂಡಿದ್ದ ಇನ್ನೊಬ್ಬನೆಂದರೆ ಮೇಸ್ತ್ರಿ. ಅವನು ತನ್ನ ಚಪ್ಪಲಿಯ ಬಾರನ್ನು ನೋಡಿಕೊಳ್ಳುತ್ತಿದ್ದ.

ಅಂದಿನಿಂದ ಆ ಅಡುಗೆಕೋಣೆಯ ಬಾಗಿಲು ತೆಗೆಯಲಿಲ್ಲ. ಟೀ ಕಾನೂನು ರದ್ದಾಯಿತು ಎಂದು ಯಾರೂ ಹೇಳಲಿಲ್ಲ, ಮನೆಯಿಂದ ಫ್ಲಾಸ್ಕ್ ತರಲು ಶುರುಮಾಡಿದರು, ಅಷ್ಟೆ. ಇನ್ನೊಂದು ವಿಷಯ ದೊಡ್ಡಕ್ಕನ ಕಣ್ಣಿಗೆ ತಡವಾಗಿ ಬಿತ್ತು. ಈ ಎಂಟು ತಿಂಗಳಲ್ಲಿ ಒಬ್ಬರೇ ಒಬ್ಬರೂ ಇನ್ನೊಂದು ಸುತ್ತು ಹೋಗಿರಲಿಲ್ಲ. ಹೋದರೆ ಟೀ ನೆನಪಾಗುತ್ತದೆ, ಟೀ ನೆನಪಾದರೆ ಡಾಕ್ಟರು ನೆನಪಾಗುತ್ತಾರೆ. ಹಾಗಾಗಿ ತಿರುವು ಕೆಟ್ಟರೂ ಹಲ್ಲು ಕಚ್ಚಿಕೊಂಡು ಇಳಿಸುತ್ತಿದ್ದರು. ಇದಕ್ಕೆ ಕಾರಣ ಹೇಳಬೇಕಾದವಳು ತಾನೇ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಬುಧವಾರ ಡಾಕ್ಟರ ಹೆಂಡತಿಯೇ ಬಂದರು. ಆಕೆ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕಟ್ಟುಹಲ್ಲು ತಯಾರಿಸುವವರು. ಉಗುರುಗಳ ಅಂಚಿನಲ್ಲಿ ಯಾವಾಗಲೂ ಬಿಳಿ ಪುಡಿ. ಕುರ್ಚಿ ಕೊಟ್ಟರೂ ಆಕೆ ಕೂರಲಿಲ್ಲ.

"ನನಗೆ ವಿಮಾನ ಓಡಿಸೋದು ಕಲಿಯೋಕೆ ಇಷ್ಟ ಇಲ್ಲ. ಆ ತಿರುವು ಹೇಗಿರತ್ತೆ ಅಂತ ತೋರಿಸ್ತೀರಾ? ಅವರು ಏನು ನೋಡಿದ್ರು, ಕೈಯಲ್ಲಿ ಏನು ಮಾಡಿದ್ರು ಅಂತ ಗೊತ್ತಾಗ್ಬೇಕು. ರಿಪೋರ್ಟ್ ಓದಿದೆ. ನಿಯಂತ್ರಣ ತಪ್ಪಿತು ಅಂದ್ರೆ ಏನ್ರೀ ಅರ್ಥ? ಮನುಷ್ಯ ಏನು ಸುಮ್ನೆ ಅದನ್ನ ಕಳ್ಕೊಳ್ತಾನಾ?"

ಶನಿವಾರ ಬನ್ನಿ ಎಂದಳು ದೊಡ್ಡಕ್ಕ.

ಸಂಜೆ ಮನೆಯಲ್ಲಿ ಅವಳ ಅಕ್ಕ ಬಟಾಣಿ ಬಿಡಿಸುತ್ತಾ ಕೂತಿದ್ದಳು. ಐವರಲ್ಲಿ ಉಳಿದವರು ಇವರಿಬ್ಬರೇ. ಮದುವೆಯಾಗದ ತಂಗಿ, ಗಂಡ ತೀರಿಕೊಂಡ ಅಕ್ಕ, ಎರಡು ಕೋಣೆಯ ಮನೆ. ತಂಗಿ ಊಟಕ್ಕೆ ಮುಂಚೆಯೇ ತಟ್ಟೆ ತೊಳೆಯಲು ಹೋದದ್ದನ್ನು ಅಕ್ಕ ನೋಡಿದಳು.

"ಏನೇ ಪುಟ್ಟಿ, ಏನಾಯ್ತು?"

ಪುಟ್ಟಿ ಎಲ್ಲ ಹೇಳಿದಳು. ಎಂಟು ತಿಂಗಳಲ್ಲಿ ಮೊದಲ ಸಲ, ಪಾತ್ರೆ ತೊಳೆದಿಟ್ಟಿದೀವಿ ಎಂದದ್ದನ್ನೂ ಸೇರಿಸಿ. ಅಕ್ಕ ಬಟಾಣಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಹೇಳ್ಬಿಡು."

"ಹೇಳಿದ್ರೆ ಅವರು ನನ್ನ ಮುಖ ನೋಡಲ್ಲ ಅಕ್ಕ."

"ನೋಡ್ದೇ ಇರ್ಲಿ. ಈಗೇನು, ನೀನು ಕನ್ನಡೀಲಿ ನೋಡ್ಕೊಳ್ತಿದೀಯಾ? ತಲೆ ಬಾಚೋವಾಗ್ಲೂ ಗೋಡೆ ಕಡೆ ತಿರುಗಿರ್ತೀಯ. ನನಗೆ ಕಣ್ಣು ಮಂಜಾಗಿರಬಹುದು, ಕುರುಡಿಯಾಗಿಲ್ಲ."

ಶನಿವಾರ ಬೆಳಗ್ಗೆ ವಕೀಲರೂ ಇನ್ನು ನಾಲ್ಕೈದು ಜನರೂ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡಿದ್ದರು. ಡಾಕ್ಟರ ಹೆಂಡತಿಯನ್ನು ಕಂಡು ಎದ್ದು ನಿಂತರು, ಏನು ಮಾತಾಡಬೇಕೆಂದು ತೋಚದೆ ಮತ್ತೆ ಕೂತರು. ಗಾಳಿಚೀಲ ಆ ಭಾನುವಾರದ ದಿಕ್ಕಿಗೇ ತಿರುಗಿತ್ತು. ಹೊರಡುವ ಮೊದಲು ಹೇಳಬೇಕೆಂದು ದೊಡ್ಡಕ್ಕ ಎರಡು ಸಲ ಬಾಯಿ ತೆರೆದಳು. ಒಂದು ಸಲ ಬೆಲ್ಟು ಸರಿಯಾಗಿದೆಯೇ ಎಂದಳು, ಇನ್ನೊಂದು ಸಲ ತಿಂಡಿ ಆಯಿತೇ ಎಂದಳು.

ನಾಲ್ಕು ಸಾವಿರ ಅಡಿ ಮೇಲೆ ಹೋದಮೇಲೆ ಕೆಳಗೊಂದು ನೇರ ರಸ್ತೆ ತೋರಿಸಿದಳು. "ಅದೇ ರನ್‌ವೇ ಅಂದ್ಕೊಳ್ಳಿ. ಇಲ್ಲಿ ನಮಗೆ ಬೇಕಾದಷ್ಟು ಜಾಗ ಇದೆ, ಹೆದರಬೇಡಿ. ನನ್ನ ಕೈ ಮೇಲೆ ನಿಮ್ಮ ಕೈ ಇಡಿ."

ಆಕೆ ಇಟ್ಟರು. ಕಟ್ಟುಹಲ್ಲಿನ ಅಚ್ಚು ತಿದ್ದುವ ಆ ಕೈ ಹಗುರವಾಗಿತ್ತು; ಎರಡು ಬೆರಳು ಎಂದು ಯಾರೂ ಹೇಳಬೇಕಾಗಿರಲಿಲ್ಲ. ವಿಮಾನ ನಿಧಾನವಾಗಿ ತಿರುಗಿತು, ರಸ್ತೆ ಪಕ್ಕಕ್ಕೆ ಜಾರಿತು.

"ನೋಡಿ, ದಾಟಿಬಿಡ್ತು. ಈಗ ಮನಸ್ಸು ಹೇಳತ್ತೆ, ಇನ್ನೊಂಚೂರು ತಿರುಗಿಸು, ಸರಿಹೋಗತ್ತೆ ಅಂತ. ಕಾಲಲ್ಲಿ ಒತ್ತುತ್ತೀನಿ. ನೆಲ ಹತ್ತಿರ ಅಂತ ಎಳ್ಕೊಳ್ತೀನಿ."

ವೇಗ ತೀರಾ ಇಳಿಯಿತೆಂದು ಎಚ್ಚರಿಸುವ, ಪೀಪಿಯಂಥ ಒಂದು ಸಣ್ಣ ಸದ್ದು ಕೇಳಿಸಿತು. ಆಮೇಲೆ ಎಡಗಡೆ ಏನೋ ಕಡಿದುಹೋದ ಹಾಗೆ ರೆಕ್ಕೆ ಕುಸಿಯಿತು, ರಸ್ತೆ ಕಿಟಕಿಯಿಂದ ಎದುರುಗಾಜಿಗೆ ಬಂದು ನಿಂತಿತು. ದೊಡ್ಡಕ್ಕ ಹಿಡಿಯನ್ನು ಮುಂದಕ್ಕೆ ಬಿಟ್ಟಳು, ಪೆಡಲ್ ನೇರ ಮಾಡಿದಳು. ವಿಮಾನ ಮತ್ತೆ ಗಾಳಿ ಹಿಡಿದು ಸಮವಾಯಿತು. ಎಲ್ಲ ಸೇರಿ ಎಂಟು ಹತ್ತು ಸೆಕೆಂಡು. ಅಷ್ಟರಲ್ಲಿ ವಿಮಾನ ಆರುನೂರು ಅಡಿ ಇಳಿದಿತ್ತು.

"ಅವರು ಎಷ್ಟು ಮೇಲಿದ್ರು?"

"ಮುನ್ನೂರು."

ಡಾಕ್ಟರ ಹೆಂಡತಿ ಹೊರಗೆ ನೋಡುತ್ತಾ ಕೂತರು. ಅಳಲಿಲ್ಲ. "ತಿರುವು ಕೆಟ್ರೆ ಬಿಟ್ಟು ಇನ್ನೊಂದು ಸುತ್ತು ಹೋಗ್ಬಹುದಲ್ವಾ? ಅವರು ಎಷ್ಟೋ ಸಲ ಹೋಗಿದ್ರಲ್ಲ. ಅವತ್ತು ಯಾಕೆ ಹೋಗ್ಲಿಲ್ಲ?" ಎಂದರು.

ಇದಕ್ಕೆ ಉತ್ತರ ಇದ್ದದ್ದು ಒಬ್ಬಳ ಹತ್ತಿರ, ಅವಳು ಪಕ್ಕದಲ್ಲೇ ಕೂತಿದ್ದಳು. ದೊಡ್ಡಕ್ಕ ಹೇಳಿದಳು. ಗಾಳಿ ಗೊತ್ತಿರಲಿಲ್ಲ, ದೂರ ಕಾಣಲಿಲ್ಲ ಎಂದೇನೂ ಸುತ್ತಿಬಳಸಲಿಲ್ಲ. "ಇನ್ನೊಂದು ಸುತ್ತು ಹೋಗಿ ಅನ್ನೋ ಬದಲು ಪಾತ್ರೆ ತೊಳೆದಿಟ್ಟಿದೀವಿ ಅಂದೆ. ಇವತ್ತು ನಾನು ಮಾಡಲ್ಲ ದೊಡ್ಡಕ್ಕ ಅಂದ್ರು. ಅದೇ ಕೊನೆ ಮಾತು. ವಿಚಾರಣೆಯವರಿಗೆ ಮಾಮೂಲಿ ಮಾತು ಅಂತ ಸುಳ್ಳು ಹೇಳಿದೆ. ಆ ಟೀ ಕಾನೂನು ಮಾಡಿದವಳೂ ನಾನೇ."

ಇಂಜಿನ್ ತನ್ನ ಪಾಡಿಗೆ ತಾನು ಓಡುತ್ತಿತ್ತು. ಆಕೆ ಕೈಯನ್ನು ದೊಡ್ಡಕ್ಕನ ಕೈ ಮೇಲಿಂದ ತೆಗೆದು ತಮ್ಮ ಮಡಿಲಲ್ಲಿಟ್ಟುಕೊಂಡರು.

"ಟೀ ಮಾಡಿದ ದಿನ ಮನೆಗೆ ಬಂದು ಅವರೇ ಹೇಳೋರು," ಎಂದರು. "ನಾನು ಮತ್ತೆ ಫೇಲಾ ಅಂತ ನಗ್ತಿದ್ದೆ. ಅವತ್ತು ಬೆಳಗ್ಗೆ ಗೇಟಿನ ಹತ್ರ, ಇವತ್ತಾದ್ರೂ ಪಾಸಾಗಿ ಬನ್ನಿ ಅಂದಿದ್ದೆ. ಅದೇ ಕಾರಣ ಇರಬಹುದಾ ಅಂತ ಕೇಳೋಕೆ ನಿಮ್ಮ ಹತ್ರ ಬಂದದ್ದು. ನೀವು ನೋಡಿದ್ರೆ ನನಗಿಂತ ದೊಡ್ಡ ಗಂಟು ಹೊತ್ಕೊಂಡಿದೀರ."

"ನನ್ನನ್ನ ಕ್ಷಮಿಸಿ ಅಂತ ಕೇಳೋಕೂ ನನಗೆ..."

"ಕೇಳಬೇಡಿ. ಕ್ಷಮಿಸಿದೀನೋ ಇಲ್ವೋ ನನಗೇ ಗೊತ್ತಿಲ್ಲ. ಸಿಟ್ಟಂತೂ ಇದೆ. ಮೊದಲು ಕೆಳಗೆ ಹೋಗೋಣ."

ಇಳಿಯಲು ಬರುವಾಗ ಗಾಳಿ ಇನ್ನಷ್ಟು ಜೋರಾಗಿತ್ತು. ಕೊನೆಯ ತಿರುವಿಗೆ ದೊಡ್ಡಕ್ಕ ಒಂದು ಕ್ಷಣ ತಡಮಾಡಿದಳು. ಕಣ್ಣು ಒದ್ದೆಯಾಗಿತ್ತೋ, ಮನಸ್ಸು ಬೇರೆಲ್ಲೋ ಇತ್ತೋ, ರನ್‌ವೇಯ ನೇರ ಪಕ್ಕಕ್ಕೆ ಜಾರಿತು. ಅಷ್ಟೇನೂ ಕೆಟ್ಟಿರಲಿಲ್ಲ. ಅಷ್ಟನ್ನು ಸರಿಪಡಿಸಿ ಹೂವಿನಂತೆ ಇಳಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು, ಮೂವತ್ತೊಂದು ವರ್ಷದಲ್ಲಿ ಎಷ್ಟು ಸಲ ಮಾಡಿದ್ದಳೋ. ಕೈ ಆಗಲೇ ಅದಕ್ಕೆ ಹೊರಟಿತ್ತು. ಕೆಳಗೆ ಕುರ್ಚಿಗಳಲ್ಲಿ ಕೂತವರು ಸಣ್ಣದಾಗಿ ಕಂಡರು, ಎಲ್ಲರ ಮುಖವೂ ಮೇಲೇ ಇತ್ತು.

ಅವಳು ಇಂಜಿನ್ನಿಗೆ ಪೂರ್ತಿ ಬಲ ಕೊಟ್ಟು, ರೆಕ್ಕೆ ಸಮ ಮಾಡಿ, ರೇಡಿಯೋ ಗುಂಡಿ ಒತ್ತಿದಳು.

"ದೊಡ್ಡಕ್ಕ ಮಾತಾಡ್ತಿರೋದು. ಇನ್ನೊಂದು ಸುತ್ತು."

ವಿಮಾನ ಶೆಡ್ಡಿನ ಮೇಲಿಂದ ಹಾದುಹೋಗುವಾಗ ವಕೀಲರು ಕುರ್ಚಿಯಿಂದ ಎದ್ದದ್ದು ಕಂಡಿತು. ಆಮೇಲೆ ಮೇಸ್ತ್ರಿಯ ದನಿ ಬಂತು: "ಸರಿ ದೊಡ್ಡಕ್ಕ. ಆರಾಮಾಗಿ ಬಾ. ಆತುರ ಏನಿಲ್ಲ." ಇಷ್ಟು ವರ್ಷದಲ್ಲಿ ಆ ರೇಡಿಯೋದಲ್ಲಿ ಯಾರೂ ಯಾರಿಗೂ ಅಷ್ಟು ಒಳ್ಳೆಯ ಮಾತು ಹೇಳಿರಲಿಲ್ಲ.

ಎರಡನೇ ಸಲ ನೆಟ್ಟಗೆ ಇಳಿಯಿತು. ದೊಡ್ಡಕ್ಕ ಸೀದಾ ಕುರ್ಚಿಗಳ ಮುಂದೆ ಹೋಗಿ ನಿಂತು, ರೇಡಿಯೋದಲ್ಲಿ ಅವತ್ತು ತಾನು ಏನು ಹೇಳಿದೆ ಎನ್ನುವುದನ್ನು ಎಲ್ಲರಿಗೂ ಹೇಳಿದಳು. ಎರಡು ನಿಮಿಷದ ಮಾತು. ವಿಚಾರಣೆಯವರಿಗೂ ಬರೆದು ಕಳಿಸುತ್ತೇನೆ ಎಂದಳು. ವಕೀಲರು ಏನೋ ಸಮಾಧಾನ ಹೇಳಲು ಹೋದಾಗ, "ಕೂತ್ಕೊಳ್ಳಿ ವಕೀಲ್ರೇ. ಎಷ್ಟು ಜನ ಇದೀರಿ? ಟೀ ಮಾಡ್ತೀನಿ" ಎಂದು ಶೆಡ್ಡಿನ ಹಿಂದಕ್ಕೆ ಹೊರಟಳು.

ಅಡುಗೆಕೋಣೆಯ ಬಾಗಿಲು ಬಿಗಿದುಕೊಂಡಿತ್ತು, ಭುಜ ಕೊಟ್ಟು ನೂಕಿದಳು. ಒಳಗೆ ಧೂಳು, ಒಂದು ಸ್ಟವ್, ಮುಚ್ಚಿದ ಗೂಡು. ಟೀಪುಡಿ ಎಲ್ಲಿ, ಸಕ್ಕರೆ ಎಲ್ಲಿ, ಬೆಂಕಿಪೊಟ್ಟಣ ಎಲ್ಲಿ, ಅವಳಿಗೆ ಒಂದೂ ಗೊತ್ತಿರಲಿಲ್ಲ. ಬೆಪ್ಪಾಗಿ ನಿಂತಿದ್ದಾಗ ಡಾಕ್ಟರ ಹೆಂಡತಿ ಹಿಂದೆಯೇ ಬಂದರು, ಅವಳನ್ನು ದಾಟಿ ಹೋಗಿ ಗೂಡಿನ ಬಾಗಿಲು ತೆರೆದರು. ಬಾಗಿಲ ಒಳಮೈಗೆ ಒಂದು ಕಾಗದ ಅಂಟಿಸಿತ್ತು. ಆ ಕೈಬರಹ ಇಬ್ಬರಿಗೂ ಗೊತ್ತಿದ್ದದ್ದೇ. ಆಕೆ ಗಟ್ಟಿಯಾಗಿ ಓದಿದರು.

"ಟೀ ಮಾಡಲು ಬಂದವರ ಗಮನಕ್ಕೆ. ಟೀಪುಡಿ ಎಡಗಡೆ ಡಬ್ಬಿ. ಹಾಲಿನ ಪುಡಿ ಅದರ ಹಿಂದೆ. ಸಕ್ಕರೆ ಬಲಗಡೆ, ತಲೆಗೆ ಒಂದೇ ಚಮಚ. ಎರಡು ಹಾಕಿದವರು ಸೋಮವಾರ ನನ್ನ ಮುಂದೆ ಬಾಯಿ ತೆರೆಯಬೇಕಾಗುತ್ತದೆ. ಜರಡಿ ಮೊಳೆಗೆ ನೇತುಹಾಕಿದೆ, ನಮ್ಮ ಮನೆಯವರ ಕೊಡುಗೆ, ಜೋಪಾನ. ನಾಚಿಕೆ ಬೇಡ, ಇಲ್ಲಿ ನನಗಿಂತ ಹೆಚ್ಚು ಸಲ ಯಾರೂ ನಿಂತಿಲ್ಲ."

ಇನ್ನೂ ಒಂದು ಸಾಲಿತ್ತು. ಅಲ್ಲಿಗೆ ಬಂದಾಗ ಆಕೆಯ ದನಿ ನಿಂತಿತು. ದೊಡ್ಡಕ್ಕ ಹತ್ತಿರ ಹೋಗಿ ತಾನೇ ಓದಿಕೊಂಡಳು. "ದೊಡ್ಡಕ್ಕ ಟೀ ಮಾಡಲು ಬಂದ ದಿನ ದಯವಿಟ್ಟು ನನಗೆ ಹೇಳಿಕಳಿಸಿ. ಕ್ಲಿನಿಕ್ ಮುಚ್ಚಿ ಬರುತ್ತೇನೆ."

ದೊಡ್ಡಕ್ಕ ಗೂಡಿನ ಅಂಚು ಹಿಡಿದುಕೊಂಡು ಅತ್ತಳು. ಎಂಟು ತಿಂಗಳಲ್ಲಿ ಅಳದೇ ಇದ್ದದ್ದೆಲ್ಲ ಸೇರಿ ಬಂತು, ಮೂಗು ಬಾಯಿ ಒಂದಾಗುವಂತೆ ಅತ್ತಳು. ಡಾಕ್ಟರ ಹೆಂಡತಿ ಅವಳನ್ನು ಮುಟ್ಟಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಮೊಳೆಯಿಂದ ಜರಡಿ ತೆಗೆದು, ಸೆರಗಿನಲ್ಲಿ ಅದರ ಧೂಳು ಒರೆಸಿದರು. ಪಾತ್ರೆ ತೊಳೆದು, ನೀರು ಹಿಡಿದು ಸ್ಟವ್ ಮೇಲಿಟ್ಟರು. ಬೆಂಕಿಪೊಟ್ಟಣ ಹುಡುಕಿ ಅವಳ ಕೈಗೆ ಕೊಟ್ಟರು.

ಆಮೇಲೆ ಬಾಗಿಲಿಗೆ ಒರಗಿ, ಕೈಕಟ್ಟಿ ನಿಂತರು.

"ಅವರ ಬದಲು ನಾನು ಬಂದಿದೀನಲ್ಲ," ಎಂದರು. "ಮಾಡಿ. ನೋಡ್ತೀನಿ."